ಎರಡೂ ಸೊನ್ನೆ ಇಟ್ಟಾಗ ಮಾದಪ್ಪ ತೋರಿದ ಮೂಲೆ

ಸ್ವಲ್ಪ ತಡೆಯಿರಿ, ಇದೊಂದನ್ನು ಓದಿ ಆಮೇಲೆ ಮುಂದಕ್ಕೆ ಹೋಗಿ. ಮೈಕೈಯೆಲ್ಲ ಸೋತಿದೆ, ಆದರೂ ಹೇಳದೆ ಇರಲಾಗುತ್ತಿಲ್ಲ.

ಕಳೆದ ಮಳೆಗಾಲದಲ್ಲಿ ಅಪ್ಪನಿಗೆ ಡೆಂಗಿ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ದಿನದಿನಕ್ಕೂ ಇಳಿಯುತ್ತಿತ್ತು. ಹನೂರಿನಿಂದ ಬಸ್ಸಿನಲ್ಲಿ ನಿಂತೇ ಓಡಾಡುತ್ತಿದ್ದ ಅವ್ವ ವಾರ್ಡಿನ ಬಾಗಿಲಲ್ಲೇ ಹರಕೆ ಹೊತ್ತಳು: “ಮಾದಪ್ಪಾ, ಇವ್ರು ಎದ್ದು ಮನೆಗ್ ಬಂದ್ರೆ ನಿನ್ ಬೆಟ್ಟಕ್ಕೆ ನಡ್ಕಂಡ್ ಓಗೋರ್ಗೆ ಒಂದೊತ್ತು ಉಣ್ಣಕಿಕ್ತೀನಿ. ಒಬ್ರುನ್ನೂ ಅಸ್ಕಂಡ್ ಕಳ್ಸಕಿಲ್ಲ.”

ಅಪ್ಪ ಎದ್ದು ಬಂದ.

ಶಿವರಾತ್ರಿ ಹತ್ತಿರವಾಯಿತು. ನಮ್ಮ ಮನೆ ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ. ಯಳಂದೂರು ಕಡೆಯ ಹೊನ್ನೂರಿನಿಂದ ಅತ್ತೆ ಫೋನ್ ಮಾಡಿ, ಇನ್ನೂರಿಪ್ಪತ್ತು ಜನ ನಡೆದು ಬರುತ್ತಿದ್ದೇವೆ ಎಂದಳು. ಅಕ್ಕಿ, ರವೆಯನ್ನು ಊರವರು ಕೊಟ್ಟಿದ್ದರು. ಒಲೆ ಮಾತ್ರ ಒಂದೇ, ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಎಂಟು ಗಂಟೆ. ತೊಟ್ಟಿಯ ನೀರು ಐದು ದಬರಿ, ಅಂದರೆ ಐದು ದೊಡ್ಡ ಪಾತ್ರೆ, ಅಡುಗೆಗೆ ಮಾತ್ರ ಸಾಕು. ಒಂದು ದಬರಿ ರೈಸ್‌ಬಾತಿಗೆ ಎರಡು ಗಂಟೆ, ಐವತ್ತು ಜನ ಉಣ್ಣಬಹುದು. ಉಪ್ಪಿಟ್ಟಾದರೆ ಒಂದು ಗಂಟೆ, ನಲವತ್ತು ಜನ. ಬರೀ ಬಾತು ಮಾಡಿದರೂ ಇನ್ನೂರು, ಬರೀ ಉಪ್ಪಿಟ್ಟು ಮಾಡಿದರೂ ಇನ್ನೂರು!

ನಾನು ಓದಿದ್ದು ಆರ್ಟ್ಸ್. ಮೊಬೈಲ್ ನೋಡಿಯೇ ಲೀನಿಯರ್ ಪ್ರೋಗ್ರಾಮಿಂಗ್ ಕಲಿತವಳು. ಇರುವ ಮಿತಿಯೊಳಗೆ ಅತಿ ಹೆಚ್ಚು ಪಡೆಯುವ ಲೆಕ್ಕ ಅದು, ಇದೂ ಅದೇ ಅಲ್ಲವೇ! ಗ್ರಾಫ್ ಎಳೆದೆ: ಅಡ್ಡಕ್ಕೆ ಬಾತು, ಉದ್ದಕ್ಕೆ ಉಪ್ಪಿಟ್ಟು, ಒಲೆಗೊಂದು ಗೆರೆ, ನೀರಿಗೊಂದು ಗೆರೆ. ಎರಡಕ್ಕೂ ಒಪ್ಪುವ ಜಾಗಕ್ಕೆ ಬಣ್ಣ ಹಚ್ಚಿ ಅದರ ಮೂಲೆಗಳನ್ನು ನೋಡಿದರೆ ಮುಗಿಯಿತು, ಅತಿ ಹೆಚ್ಚು ಜನರಿಗೆ ಉಣಿಸುವ ಉತ್ತರ ಯಾವುದಾದರೊಂದು ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಸಿಕ್ಕಿತು: ಐದು ದಬರಿ ಬಾತು, ಇನ್ನೂರೈವತ್ತು ಜನ. ಕುಣಿದುಬಿಟ್ಟೆ.

“ಅಯ್ಯೋ ಪೆದ್ದಿ,” ಎಂದಳು ಅವ್ವ, “ಐದ್ ದಬರಿ ಬಾತ್ಗೆ ಅತ್ತು ಗಂಟೆ ಬೇಕು ಕಣೆ. ಅಲ್ಲೀಗಂಟ ಅವ್ರು ಬಿಸ್ಲಲ್ಲಿ ಕುಂತಿರ್ತಾರಾ? ನಿನ್ ಗೀಟೆಲ್ಲ ತಕಂಡೋಗಿ ಒಲೆಗಾಕು.”

ಮತ್ತೆ ಬರೆದೆ. ಮತ್ತೆ ಅದೇ ಉತ್ತರ. ಅವ್ವ ಕಂಬಕ್ಕೊರಗಿ ಕೂತು, “ಇಪ್ಪತ್ ಜನ್ವ ಅಸ್ಕಂಡ್ ಕಳ್ಸುದ್ರೆ ಅದ್ಯಾವ ಅರಕೆ” ಎಂದು ಕಣ್ಣೊರೆಸಿಕೊಂಡಳು.

ಸಂಜೆ ದೀಪ ಹಚ್ಚಿದಾಗ ಅಜ್ಜಿ ಗದರಿದಳು: “ಲೇ, ಆ ಮೊಬೈಲೂ ಪೆನ್ನೂ ಕೆಳಗ್ ಮಡುಗು. ದೇವ್ರ ಮುಂದೆ ಬರಿಗೈಲಿ ನಿಂತ್ಕೊ.”

ಇಟ್ಟೆ. ಮಾದಪ್ಪಾ, ನಮ್ಮ ಕೈಲಾಗಲಿಲ್ಲ ಎಂದು ಕಣ್ಣು ಮುಚ್ಚಿದೆ. ಎರಡು ಕೈ, ಎರಡೂ ಖಾಲಿ. ಆಗ ಹೊಳೆಯಿತು! ಬಾತೂ ಸೊನ್ನೆ, ಉಪ್ಪಿಟ್ಟೂ ಸೊನ್ನೆ ಇಟ್ಟು ನೋಡೇ ಇರಲಿಲ್ಲ. ಏನೂ ಬೇಯಿಸದಿದ್ದರೆ ಒಲೆಗೆ ಸೊನ್ನೆ ಗಂಟೆ, ಅದು ಎಂಟರೊಳಗೇ ಇದೆ. ಅಂದರೆ ಸೊನ್ನೆ ಇರುವ ಕಡೆಯೇ ನಮ್ಮದು. ನಾನು ಒಲೆಯ ಗೆರೆಯ ಆಚೆ ಬಣ್ಣ ಹಚ್ಚಿದ್ದೆ!

ಈಚೆ ಹಚ್ಚಿದೆ. ಎರಡು ಗೆರೆ ಕೂಡುವ ಮೂಲೆಯಲ್ಲಿ ಬಾತು ಮೂರು, ಉಪ್ಪಿಟ್ಟು ಎರಡು. ಒಲೆಗೆ ಸರಿಯಾಗಿ ಎಂಟು ಗಂಟೆ, ನೀರಿಗೆ ಸರಿಯಾಗಿ ಐದು ದಬರಿ. ಇನ್ನೂರಮೂವತ್ತು ಜನ.

ಅವ್ವ ಬೆರಳೆಣಿಸಿ ನೋಡಿ, “ಊಂ ಕಣೆ, ಒಪ್ಪುತ್ತೆ” ಎಂದಳು.

ಇವತ್ತು ಹೊನ್ನೂರಿನವರು “ಉಘೇ ಮಾದಪ್ಪ” ಎನ್ನುತ್ತ ಬಂದು, ಉಂಡು, ನಡೆದು ಹೋದರು. ಹಸಿದು ಹೋದವರು ಒಬ್ಬರೂ ಇಲ್ಲ. ದಬರಿಯ ತಳದಲ್ಲಿ ಉಳಿದ ಬಾತನ್ನು ಅವ್ವ ಮೊದಲು ಅಪ್ಪನ ಎಲೆಗೆ ಬಡಿಸಿ, ಅವನ ಪಕ್ಕದಲ್ಲೇ ಸುಸ್ತಾಗಿ ಕೂತಳು.

ಗೆರೆ ಎಳೆದದ್ದು ನಾನು, ಯಾವ ಕಡೆ ಎಂದು ತೋರಿಸಿದ್ದು ಮಾದಪ್ಪ. ನೀವೂ ಬರಿಗೈಲಿ ನಿಂತಾಗ ಅವನು ದಾರಿ ತೋರಿಸಿದ್ದರೆ ಇಲ್ಲಿ ಬರೆಯಿರಿ. ಅವ್ವನಿಗೆ ಓದಿ ಹೇಳುತ್ತೇನೆ.