ಕೂಗದೆ ಬೀಸಿದ ಕಲ್ಲು

ಮೂವತ್ತು ವರ್ಷ ಬೈಲಹೊಂಗಲದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಗುಂಡು, ಚಕ್ರ, ಭರ್ಜಿ ಎಸೆಯುವುದನ್ನು ಕಲಿಸಿ ಈಚೆಗೆ ನಿವೃತ್ತಳಾದವಳು ನಾನು. ಎಸೆತ ಹುಟ್ಟುವುದು ಕೈಯಲ್ಲಲ್ಲ, ಹಿಮ್ಮಡಿಯಲ್ಲಿ. ಅಲ್ಲಿಂದ ಸೊಂಟಕ್ಕೇರಿ, ಭುಜ ತಿರುಗಿಸಿ, ಕಡೆಗೆ ಬೆರಳಿಗೆ ಬರುತ್ತದೆ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ. ಅಂಥವಳ ಕೈಗೆ ಗುಂಡಿಗಳಿರುವ ಒಂದು ಪ್ಲಾಸ್ಟಿಕ್ ಸಾಮಾನು ಕೊಟ್ಟು, ಹೆಬ್ಬೆರಳಿನಿಂದ ಈಟಿ ಎಸೆ ಅಂದರೆ ಸಿಟ್ಟು ಬರದೆ ಇನ್ನೇನು ಬಂದೀತು?

ಕೊಟ್ಟವಳು ನನ್ನ ಮಗಳು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಾಳೆ. ರಜೆಗೆ ಬರುವಾಗ ಗೇಮಿನ ಪೆಟ್ಟಿಗೆ ತಂದು ಟಿವಿಗೆ ಸಿಕ್ಕಿಸಿದಳು. ರಾಕ್ಷಸರು, ಮಾಟಗಾರರು, ಹಾಳು ಕೋಟೆಗಳ ಆಟ. ನಾವು ಒಂದೊಂದು ಪಾತ್ರ ಕಟ್ಟಿಕೊಂಡು, ಇಬ್ಬಿಬ್ಬರು ಕೂಡಿ ಕೋಟೆಯೊಳಗೆ ಹೊಗಬೇಕು. ಅದೇ ಹೊತ್ತಿಗೆ ನನ್ನ ಅಕ್ಕನೂ ನಮ್ಮಲ್ಲಿಗೆ ಬಂದಿದ್ದಳು. ರಾಮದುರ್ಗದ ಕಡೆಯ ಅವಳ ಹಳ್ಳಿಮನೆಯ ಹಳೇ ಮಾಳಿಗೆ ಬಿಚ್ಚಿ ಸ್ಲ್ಯಾಬ್ ಹಾಕಿಸುತ್ತಿದ್ದರು, ಒಂದು ತಿಂಗಳು ಇರುವವಳಿದ್ದಳು. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳಿಗೆ ಎಡಗಣ್ಣು ಇಲ್ಲ.

ಆ ಕಣ್ಣು ತೆಗೆದವಳು ನಾನು. ಇದನ್ನು ಈ ಜಗತ್ತಿನಲ್ಲಿ ಬಲ್ಲವಳು ನಾನೊಬ್ಬಳೇ ಎಂದುಕೊಂಡು ಐವತ್ತು ವರ್ಷದ ಹತ್ತಿರ ಬದುಕಿದ್ದೆ.

ನಮ್ಮ ತವರಿನ ಹೊಲ ಯರಗಟ್ಟಿಯಿಂದಾಚೆ. ಜೋಳದ ತೆನೆಯಲ್ಲಿ ಹಾಲು ತುಂಬಿದಾಗ ಹಕ್ಕಿ ಕಾಯಲು ನಾಲ್ಕು ಗೂಟದ ಮೇಲೊಂದು ಅಟ್ಟ ಕಟ್ಟುತ್ತಿದ್ದರು. ನಾವಿಬ್ಬರೂ ಅಲ್ಲಿ ನಿಂತು ಕವಣೆ ಬೀಸಬೇಕು. ಆಳೆತ್ತರದ ಜೋಳದಲ್ಲಿ ಯಾರು ನಡೆದು ಬರುತ್ತಿದ್ದಾರೆಂದು ಮೇಲಿನವರಿಗೆ ಕಾಣದು. ಅದಕ್ಕೇ ಒಂದು ಪದ್ಧತಿ: ಕಲ್ಲು ಬಿಡುವ ಮೊದಲು ‘ಹೋಽಽ’ ಎಂದು ಉದ್ದಕ್ಕೆ ಕೂಗಬೇಕು, ಕೂಗು ಕೇಳಿದವರು ಎಲ್ಲಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂರಬೇಕು. ಅಷ್ಟೇ. ಒಂಬತ್ತು ವರ್ಷದ ನನಗೆ ಮಾತ್ರ ಒಂದಾದರೂ ಗಿಳಿ ಕೆಡವುವ ಹುಚ್ಚು. ಕೂಗಿದರೆ ಗಿಳಿ ಹಾರಿಹೋಗುತ್ತವೆ. ಅಕ್ಕ ಮಜ್ಜಿಗೆ ತರಲು ಇಳಿದುಹೋಗಿದ್ದಳು. ನಾನು ಬಾಯಿ ಮುಚ್ಚಿಕೊಂಡು ಬೀಸಿದೆ. ಜೋಳದೊಳಗಿಂದ ಅಕ್ಕ ಚೀರಿದ್ದು ಕೇಳಿತು.

ಕಣ್ಣಿಗೆ ಜೋಳದ ದಂಟು ಚುಚ್ಚಿತು ಎಂದು ಅಕ್ಕ ಮನೆಯಲ್ಲಿ ಹೇಳಿದಳು. ಅವಳಿಗೆ ನಿಜಕ್ಕೂ ಹಾಗೇ ಅನಿಸಿದೆ ಎಂದು ನಂಬಿದೆ, ನಂಬಿದರೆ ನನಗೇ ಅನುಕೂಲವಿತ್ತು. ಮುಂದೆ ಅವಳನ್ನು ಎರಡನೇ ಸಂಬಂಧಕ್ಕೆ ಕೊಟ್ಟರು. ನಾನು ಸಾಲಿ ಕಲಿತು ಎಸೆತದ ಮಾಸ್ತರಿಣಿಯಾದೆ. ಮೈದಾನದಲ್ಲಿ ಕೂಗದೆ ಎಸೆದ ಮಗುವನ್ನು ನಾನು ಸುಮ್ಮನೆ ಬಿಟ್ಟದ್ದೇ ಇಲ್ಲ.

ಇರಲಿ, ಆಟಕ್ಕೆ ಬರುತ್ತೇನೆ. ಎಂಥ ಅಡ್ನಾಡಿ ಆಟವೆಂದರೆ, ಅದರಲ್ಲಿ ಬಿಲ್ಲಿಗೊಂದು ನ್ಯಾಯ, ಈಟಿಗೊಂದು ನ್ಯಾಯ. ಬಿಲ್ಲಿಗೆ ಪಾತ್ರದ ಚುರುಕು ನೋಡುತ್ತದಂತೆ, ಕೈಯಿಂದ ಎಸೆಯುವ ಈಟಿ ಕೊಡಲಿಗಳಿಗೆ ಬಲ ನೋಡುತ್ತದಂತೆ. ನನ್ನ ಪಾತ್ರಕ್ಕೆ ಬಲ ಕಮ್ಮಿ ಎಂದು ಮಗಳು ತೀರ್ಪು ಕೊಟ್ಟಳು. ಈಟಿ ಎಸೆದರೆ ಹತ್ತು ಮಾರು ದೂರದಲ್ಲಿ ಸತ್ತ ಹಾವಿನಂತೆ ಬೀಳುತ್ತಿತ್ತು. ಅದನ್ನು ಎತ್ತಿಕೊಂಡು ಬರಲು ಹೋದರೆ ರಾಕ್ಷಸ ಬಡಿಯುತ್ತಿದ್ದ. ಈಟಿ ಬಿಟ್ಟು ಬಿಲ್ಲು ಹಿಡಿದರೆ, ಬಾಣ ದೂರ ಹೋದಷ್ಟೂ ಕೆಳಗಿಳಿಯುತ್ತದೆ, ಅದಕ್ಕೆ ತುಸು ಮೇಲೆ ಗುರಿಯಿಡು ಅಂದಳು ಮಗಳು. ಸರಿ, ಇದೊಂದು ಮಾತಾದರೂ ನ್ಯಾಯದ್ದು ಎಂದು ಹಾಗೇ ಗುರಿಯಿಟ್ಟೆ, ಬಾಣ ರಾಕ್ಷಸನ ತಲೆಯ ಮೇಲಿಂದ ಹಾರಿಹೋಯಿತು. ವೈರಿ ಮೈಮೇಲೆ ಬಂದಾಗ ಬಿಲ್ಲು ಹಿಡಿದರೆ ಗುರಿ ಕೆಡುತ್ತದಂತೆ, ಆಗ ಬಿಲ್ಲು ಬಿಟ್ಟು ಚೂರಿ ತೆಗೆಯಬೇಕು. ಚೂರಿ ತೆಗೆಯುವ ಗುಂಡಿ ಯಾವುದೆಂದು ಹುಡುಕುವಷ್ಟರಲ್ಲಿ ನನ್ನ ಪಾತ್ರ ಸತ್ತಿರುತ್ತಿತ್ತು.

ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಕವಣೆಯ ಗತಿ ಕಂಡು. ಆಯುಧಗಳ ಪಟ್ಟಿಯಲ್ಲಿ ಕಟ್ಟಕಡೆಗೆ ಅದು. ಮೊದಲ ದಿನದ ಆಟಗಾರರಿಗೆ ಎಂದು ಪುಕ್ಕಟೆ ಕೊಡುತ್ತಾರೆ, ತಗುಲಿದರೆ ಇಲಿ ಸಾಯುವುದೂ ಅನುಮಾನ. ಕವಣೆಯ ಕಲ್ಲು ಏನು ಮಾಡಬಲ್ಲದೆಂದು ಇದನ್ನು ಬರೆದ ಮಹಾನುಭಾವರಿಗೆ ಯಾರಾದರೂ ಹೇಳಬೇಕಿತ್ತು. ನಾನು ಹಟಕ್ಕೆ ಬಿದ್ದು ಅದನ್ನೇ ಹಿಡಿದೆ.

ನನ್ನ ಗೊಣಗಾಟ ಕೇಳಿ ಕೇಳಿ ಸಾಕಾಗಿ, ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ ಎಂದು ಅಕ್ಕ ಮೂಲೆಯಿಂದ ಚುಚ್ಚಿದಳು. ಹಾಗಾದರೆ ನೀನೇ ಆಡು ಎಂದು ಇನ್ನೊಂದು ಗುಂಡಿಪೆಟ್ಟಿಗೆಯನ್ನು ಅವಳ ಉಡಿಗೆ ಹಾಕಿದೆ. ಅಕ್ಕನೆಂದರೆ ಕಪ್ಪಿನ ಅಂಚಿಗೆ ಕಿಟ್ಲಿಯ ಮೂತಿ ಮುಟ್ಟಿಸದೆ ಚಹಾ ಬಗ್ಗಿಸಲಾರದವಳು. ಸೂಜಿಗೆ ದಾರ ಪೋಣಿಸಲಾರಳು, ಬಸ್ಸಿನಿಂದ ಇಳಿಯುವಾಗ ಕಾಲಿನಿಂದ ನೆಲ ತಡವುತ್ತಾಳೆ. ಒಂದೇ ಕಣ್ಣಿಗೆ ದೂರ ಹತ್ತಿರದ ಅಂದಾಜು ಸಿಗದು. ಇದೆಲ್ಲ ನನ್ನ ಕೈಯ ಕೆಲಸವಾದ್ದರಿಂದ ನನಗೆ ಚೆನ್ನಾಗಿ ಗೊತ್ತು.

ಅಕ್ಕ ಬಿಲ್ಲು ಆರಿಸಿಕೊಂಡಳು. ಮೂರನೇ ದಿನಕ್ಕೆ ಕೋಟೆಯ ಬತೇರಿಯ ಮೇಲಿನ ಕಾವಲುಗಾರನನ್ನು ಒಂದೇ ಬಾಣಕ್ಕೆ ಕೆಡವಿದಳು. ವಾರದೊಳಗೆ ಓಡುವ ತೋಳಕ್ಕೆ, ಅದು ಬಂದು ಮುಟ್ಟಬೇಕಾದ ಜಾಗಕ್ಕೇ ಬಾಣ ಬಿಡುತ್ತಿದ್ದಳು. ಮಗಳು ಬಾಯಿ ತೆರೆದು ಕೂತಳು. ನನಗೆ ಖುಷಿಯಾಯಿತೋ ಮತ್ಸರವೋ ಹೇಳಲಾರೆ, ಎರಡೂ ಇದ್ದವು.

“ಇದರಾಗ ದೂರಿನದು ಹತ್ತರದ್ದು ಎಲ್ಲಾ ಒಂದ ಹಾಳಿ ಮ್ಯಾಲ ಐತಿ,” ಎಂದಳು ಅಕ್ಕ. “ಸಣ್ಣದ ಕಂಡ್ರ ದೂರ, ದೊಡ್ಡದ ಕಂಡ್ರ ಹತ್ತರ. ನಿಮಗ ಎರಡು ಕಣ್ಣಿನ ರೂಢಿ, ತಡವರಸತೀರಿ. ನನಗ ಜಗತ್ತ ಹಿಂಗ ಕಾಣತೈತಿ.”

ಈ ಆಟದಲ್ಲಿ ನಮ್ಮವರ ಪೆಟ್ಟು ನಮ್ಮವರಿಗೂ ತಗಲುತ್ತದೆ. ಬೇಡವಾದರೆ ಆ ನಿಯಮ ತೆಗೆದುಹಾಕಬಹುದು ಎಂದು ಮಗಳು ಹೇಳಿದಾಗ, ಇರಲಿ ಬಿಡು, ನಮ್ಮವರು ಯಾರು ಅಂತ ಕಲ್ಲಿಗೇನು ಗೊತ್ತು ಎಂದಿದ್ದಳು ಅಕ್ಕ. ಆಗ ನಾನು ಟಿವಿ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನನ್ನದು.

ಒಂದು ಮಧ್ಯಾಹ್ನ ಊಟ ಮುಗಿಸಿ ಕೂತೆವು. ಹಾಳು ಕೋಟೆಯ ಮೆಟ್ಟಿಲ ಮೇಲೆ ಅಕ್ಕನ ಬಿಲ್ಲಾಳು ಮುಂದೆ, ಕವಣೆ ಹಿಡಿದ ನನ್ನ ಪಾತ್ರ ಹಿಂದೆ. ಮೇಲಿನಿಂದ ಒಬ್ಬ ರಾಕ್ಷಸ ಇಳಿದು ಬರುತ್ತಿದ್ದ. ಇವನನ್ನಾದರೂ ನಾನೇ ಕೆಡವಬೇಕೆಂದು ಗುಂಡಿ ಒತ್ತಿಹಿಡಿದು ಬಿಟ್ಟೆ. ಕಲ್ಲು ಅಕ್ಕನ ಬಿಲ್ಲಾಳಿನ ತಲೆಗೆ ಹಿಂದಿನಿಂದ ಬಡಿಯಿತು. ಇಬ್ಬರಿಗೂ ಅರ್ಧರ್ಧ ಹಂಚಿದ ಪರದೆಯಲ್ಲಿ ಅವಳ ಪಾಲಿನ ಅರ್ಧ ಕೆಂಪಾಯಿತು, ಬಿಲ್ಲಾಳು ಆಯತಪ್ಪಿ ಮೆಟ್ಟಿಲಿನಿಂದ ಉರುಳಿದಳು. ಮಗಳು ನಕ್ಕಳು. ನನ್ನ ಬಾಯಿಂದ ತಟ್ಟನೆ ಬಂದ ಮಾತು, ನಾನಲ್ಲ, ಆ ರಾಕ್ಷಸ ಹೊಡೆದದ್ದು ಅಂತ.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಆವತ್ತೂ ನೀ ಕೂಗಲಿಲ್ಲ,” ಅಂದಳು. “ಇವತ್ತೂ ಕೂಗಲಿಲ್ಲ.”

ಏನು ಕೂಗುವುದು ದೊಡ್ಡವ್ವ ಎಂದು ಮಗಳು ಕೇಳಿದಳು. ಅಕ್ಕ ಅವಳನ್ನು ಚಹಾ ಮಾಡಲು ಒಳಗೆ ಕಳಿಸಿದಳು. ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಕಲ್ಲು ಅವಳ ಉಡಿಯಲ್ಲೇ ಬಿದ್ದಿತ್ತಂತೆ, ಮನೆಗೆ ಹೋಗುವ ದಾರಿಯಲ್ಲಿ ಹಳ್ಳಕ್ಕೆ ಎಸೆದಳಂತೆ. ಅಪ್ಪ ಕಂಡಿದ್ದರೆ ನಿನ್ನ ಚರ್ಮ ಸುಲಿಯುತ್ತಿದ್ದ ಎಂದಳು. ಅಂಗಡಿಯಿಂದ ಬೆಲ್ಲ ತಂದೆ ಅನ್ನುವ ಹಾಗೆ ಹೇಳಿದಳು.

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಐವತ್ತು ವರ್ಷ! ಪಂಚಮಿಗೆ ಉಂಡಿ ಕಟ್ಟಿದ್ದೇವೆ, ಒಂದೇ ಹಾಸಿಗೆಯಲ್ಲಿ ಮಲಗಿದ್ದೇವೆ, ಅಪ್ಪ ಅವ್ವ ಇಬ್ಬರನ್ನೂ ಮಣ್ಣು ಮಾಡಿ ಬಂದಿದ್ದೇವೆ. ಒಂದು ಮಾತು ಆಡಬಾರದಿತ್ತೇ ಇವಳು?

“ಗೊತ್ತಿದ್ದೂ ಯಾಕ ಹೇಳಲಿಲ್ಲ ನೀ?” ಎಂದು ಅವಳ ಮೇಲೇ ಹರಿಹಾಯ್ದೆ.

“ನೀ ಹೇಳ್ತಿ ಅಂತ ಕಾದೆ.”

ಒಳಗೆ ಸ್ಟೋವಿನ ಮೇಲೆ ಹಾಲು ಉಕ್ಕಿದ ವಾಸನೆ ಬಂತು, ಮಗಳ ಕಿವಿ ನಮ್ಮ ಕಡೆಗೇ ಇದ್ದಿರಬೇಕು. ನಾನು ಹೊಡೆದದ್ದು, ಗಿಳಿ ಕೆಡವುವ ಆಸೆಗೆ ಕೂಗದೆ ಬೀಸಿದೆ ಎಂದು ಕಡೆಗೂ ಹೇಳಿದೆ. ಹೇಳಿದ್ದು ಎರಡೇ ಸಾಲು. ಅಷ್ಟಕ್ಕೆ ಇಷ್ಟು ವರ್ಷ ಬೇಕಾಯಿತು.

“ಗಿಳಿ ಬಿತ್ತೇನು?” ಎಂದು ಕೇಳಿದಳು ಅಕ್ಕ.

ಇಲ್ಲ ಎಂದೆ.

“ಅದೂ ಇಲ್ಲ!” ಎಂದು ಅವಳು ಹಣೆ ಚಚ್ಚಿಕೊಂಡಳು. ನನಗೆ ಆಗ ಅಳು ಬಂತು.

ಅಳು ಮುಗಿಯುವವರೆಗೂ ಅವಳು ಕಾಯಲಿಲ್ಲ. ಆಟವನ್ನು ಮತ್ತೆ ಶುರು ಮಾಡಿ ಅದೇ ಮೆಟ್ಟಿಲಿಗೆ ಬಂದು ನಿಂತಳು. ಮೇಲಿನಿಂದ ಅದೇ ರಾಕ್ಷಸ ಇಳಿಯತೊಡಗಿದ. ನಾನು ಸೆರಗಿನಿಂದ ಮೂಗು ಒರೆಸಿಕೊಂಡು, ಗುಂಡಿ ಒತ್ತಿಹಿಡಿದು, ಓಣಿಗೆಲ್ಲ ಕೇಳುವ ಹಾಗೆ ‘ಹೋಽಽ’ ಎಂದು ಕೂಗಿದೆ. ಚಹಾದ ತಟ್ಟೆ ಹಿಡಿದು ಬಂದ ಮಗಳು ಬಾಗಿಲಲ್ಲೇ ನಿಂತಳು. ಪರದೆಯಲ್ಲಿ ಅಕ್ಕನ ಬಿಲ್ಲಾಳು ತಟ್ಟನೆ ಕುಕ್ಕರುಗಾಲಲ್ಲಿ ಕೂತಳು, ಕಲ್ಲು ಅವಳ ತಲೆಯ ಮೇಲಿಂದ ಹಾದುಹೋಯಿತು.