ಲಾಂಡ್ರಿ ಬಾಗಿಲಿನ ವಿಳಾಸ

ನಮ್ಮ ಮನೆಗೆ ಬರುವವರು ವಾಷಿಂಗ್ ಮೆಷಿನ್ ದಾಟಿಕೊಂಡೇ ಒಳಗೆ ಬರಬೇಕು. ಮೊದಲ ಸಲ ಬಂದವರು ತಪ್ಪು ಬಾಗಿಲಿಗೆ ಬಂದೆವೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಹೊಸ್ತಿಲ ಮೇಲಿನ ಅರಿಶಿನ ಕುಂಕುಮ, ಪ್ಲಾಸ್ಟಿಕ್ ಮಾವಿನ ತೋರಣ, ರಂಗೋಲಿಯ ಸ್ಟಿಕ್ಕರ್ ಎಲ್ಲವನ್ನೂ ನೋಡಿ, ಒಗೆಯುವ ಬಟ್ಟೆಯ ಬುಟ್ಟಿಗೆ ಕಾಲು ತಾಗದಂತೆ ಭಕ್ತಿಯಿಂದ ಒಳಗೆ ಬರುತ್ತಾರೆ. ಬ್ರಿಸ್ಬೇನಿನಲ್ಲಿ ಲಾಂಡ್ರಿಯ ಬಾಗಿಲನ್ನೇ ಹೆಬ್ಬಾಗಿಲು ಮಾಡಿಕೊಂಡ ಮನೆ ನಮ್ಮದೊಂದೇ ಇರಬೇಕು.

ಐದು ವರ್ಷದ ಹಿಂದೆ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಈ ಮೂಲೆಮನೆ ಕೊಳ್ಳುವಾಗ ನಾನು ನೋಡಿದ್ದು ಒಂದೇ ವಿಷಯ, ಅದು ಯಾವ ಹೈಸ್ಕೂಲಿನ ಕ್ಯಾಚ್‌ಮೆಂಟಿಗೆ ಸೇರುತ್ತದೆ ಎಂಬುದು. ಇಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಒಂದು ಗಡಿ ಇರುತ್ತದೆ. ಮನೆ ಆ ಗಡಿಯೊಳಗಿದ್ದರೆ ಮಗುವಿಗೆ ಸೀಟು ಖಾತ್ರಿ, ಇಲ್ಲದಿದ್ದರೆ ಕೈಮುಗಿದು ಕಾಯಬೇಕು. ನನ್ನ ಮನಸ್ಸಿನಲ್ಲಿದ್ದ ಶಾಲೆಯ ಹೆಸರನ್ನು ಪಕ್ಕದ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಲ್ಲಿ ಸೊಪ್ಪು ಆರಿಸುವ ಆಂಟಿಯರು ದನಿ ತಗ್ಗಿಸಿ ಹೇಳುತ್ತಿದ್ದರು. ಅಡುಗೆಮನೆ ಇಕ್ಕಟ್ಟು, ಕಾರ್ಪೆಟ್ಟಿನಲ್ಲಿ ನಾಯಿಯ ವಾಸನೆ. ಆದರೂ ಇದೇ ಮನೆ ಆಗಬೇಕೆಂದು ಪಟ್ಟು ಹಿಡಿದೆ. ಮಗಳಿಗೆ ಆಗ ಇನ್ನೂ ಆರು ವರ್ಷ.

ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಬಂದ ನನ್ನ ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ನೋಡಿ, "ದಕ್ಷಿಣದ ಬಾಗಿಲು! ನಾನಂತೂ ಒಳಗೆ ಕಾಲಿಡಲ್ಲ" ಎಂದರು.

ನನ್ನ ಗಂಡ ಸಾಫ್ಟ್‌ವೇರಿನವರು, ಪ್ರತಿಯೊಂದಕ್ಕೂ ಒಂದು ವಿವರಣೆ ಸಿದ್ಧ ಇಟ್ಟುಕೊಂಡಿರುತ್ತಾರೆ. "ಅಮ್ಮ, ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗ್ತಾನೆ. ಭೂಮಿಯ ಈ ಕಡೆ ಎಲ್ಲಾ ಉಲ್ಟಾ. ಇಲ್ಲಿನ ದಕ್ಷಿಣ ಅಂದ್ರೆ ನಿಮ್ಮ ಉತ್ತರ ಇದ್ದಂಗೆ" ಎಂದರು.

"ಯಮಧರ್ಮರಾಯ ಸೂರ್ಯನ್ನ ಕೇಳ್ಕೊಂಡು ಬರ್ತಾನೇನೋ? ದಕ್ಷಿಣ ಅಂದ್ರೆ ದಕ್ಷಿಣ ಕಣೋ."

ಆಮೇಲೆ ಅತ್ತೆ ಮೊಬೈಲನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದುಕೊಂಡು ಮನೆಯನ್ನು ಒಂದು ಸುತ್ತು ಬಂದರು. ಪಕ್ಕದ ಚಿಕ್ಕ ರಸ್ತೆಯ ಕಡೆಗೆ ಲಾಂಡ್ರಿಯ ಬಾಗಿಲು ಸರಿಯಾಗಿ ಪೂರ್ವಕ್ಕಿತ್ತು. ಅರ್ಚಕರು ವಾಷಿಂಗ್ ಮೆಷಿನ್ ಮೇಲೆ ಕಳಶ ಇಟ್ಟು ಪೂಜೆ ಮುಗಿಸಿದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. "ಬಾಗಿಲು ಇಲ್ಲಿ, ವಿಳಾಸ ಅಲ್ಲಿ ಅಂದ್ರೆ ಲಕ್ಷ್ಮಿ ಎಲ್ಲಿಗೆ ಅಂತ ಬರಬೇಕು?" ಎಂದು ಅತ್ತೆ ಕೇಳಿದರು. ಸರಿ, ದಕ್ಷಿಣಕ್ಕಿರುವ ದೊಡ್ಡ ರಸ್ತೆಯ ಕಡೆಯಿದ್ದ ಲೆಟರ್‌ಬಾಕ್ಸನ್ನು ಕಿತ್ತು ಈ ಕಡೆ ನೆಟ್ಟೆವು. ಸಿಟಿ ಕೌನ್ಸಿಲಿಗೆ ಅರ್ಜಿ ಹಾಕಿ ಮನೆಗೆ ಚಿಕ್ಕ ರಸ್ತೆಯ ನಂಬರನ್ನೇ ಪಡೆದೆವು. ಕರೆಂಟ್ ಬಿಲ್ಲಿನಿಂದ ಹಿಡಿದು ಡ್ರೈವಿಂಗ್ ಲೈಸೆನ್ಸಿನವರೆಗೆ ಎಲ್ಲದರ ವಿಳಾಸವನ್ನೂ ಬದಲಾಯಿಸಿದವಳು ನಾನೇ. ಒಂದು ಕೆಲಸ ಹಿಡಿದರೆ ಮುಗಿಸುವವರೆಗೂ ಬಿಡುವವಳಲ್ಲ ನಾನು, ಅದು ಎಂಥ ಪೆದ್ದು ಕೆಲಸವಾಗಿದ್ದರೂ ಸರಿ. ದಕ್ಷಿಣದ ಬಾಗಿಲಿಗೆ ಅಡ್ಡವಾಗಿ ಸೋನಾ ಮಸೂರಿ ಮೂಟೆಗಳು ಬಂದು ಕೂತವು.

ಲಾಂಡ್ರಿಯ ಬಾಗಿಲು ತೆರೆದರೆ ನೇರ ಎದುರಿಗೆ ತೈವಾನಿನಿಂದ ಬಂದವರ ಮನೆ. ನಾವು ತೋರಣ ಕಟ್ಟಿದ ಮೂರನೆಯ ದಿನ ಆ ಮನೆಯ ಅಜ್ಜಿ ತಮ್ಮ ಬಾಗಿಲ ಮೇಲೆ ನಮ್ಮ ಕಡೆಗೆ ಮುಖ ಮಾಡಿ ಎಂಟು ಮೂಲೆಯ ಒಂದು ಕನ್ನಡಿ ತೂಗುಹಾಕಿದರು. ಅವರಿಗೂ ಅವರದೇ ಆದ ವಾಸ್ತು ಇತ್ತು. "ನಮ್ಮನ್ನೇ ದೃಷ್ಟಿ ಅಂದ್ಕೊಂಡ್ರಾ?" ಎಂದು ಕೆರಳಿದ ಅತ್ತೆ ಸೂಟ್‌ಕೇಸಿನ ತಳದಿಂದ ಕೋರೆಹಲ್ಲಿನ ದೃಷ್ಟಿಬೊಂಬೆಯನ್ನು ತೆಗೆದು ಅದರ ಎದುರಿಗೇ ತಗುಲಿಸಿದರು. ಕನ್ನಡಿಯೂ ಬೊಂಬೆಯೂ ಒಂದನ್ನೊಂದು ದುರುಗುಟ್ಟಿ ನೋಡುತ್ತಿರುವಾಗ ನಡುವಿನ ರಸ್ತೆಯಲ್ಲಿ ನನ್ನ ಮಗಳೂ ಆ ಮನೆಯ ಅದೇ ವಯಸ್ಸಿನ ಹುಡುಗಿಯೂ ಆಟ ಶುರುಮಾಡಿದ್ದರು. ವಾರದೊಳಗೆ ಅಜ್ಜಿಯರಿಬ್ಬರೂ ಒಂದಕ್ಷರ ಮಾತಿಲ್ಲದೆ ಕೋಡುಬಳೆಯನ್ನೂ ಹಬೆಯಲ್ಲಿ ಬೇಯಿಸಿದ ಕಡುಬನ್ನೂ ಅದಲು ಬದಲು ಮಾಡಿಕೊಂಡರು. ಅತ್ತೆ ಮೈಸೂರಿಗೆ ವಾಪಸು ಹೋದರು, ಆ ಹುಡುಗಿ ಮಾತ್ರ ನಮ್ಮ ಮನೆಯಲ್ಲೇ ಉಳಿದಳು ಎನ್ನಬೇಕು. ಶಾಲೆಗೆ ಹೋಗುವುದೂ ಒಟ್ಟಿಗೆ, ಬರುವುದೂ ಒಟ್ಟಿಗೆ, ಜ್ವರ ಬರುವುದೂ ಒಟ್ಟಿಗೆ.

ಮಕ್ಕಳು ಆರನೇ ತರಗತಿಗೆ ಬಂದರು. ಇಲ್ಲಿ ಏಳನೆಯದಕ್ಕೆ ಹೈಸ್ಕೂಲು. ಮಗಳದ್ದು ಒಂದೇ ಪ್ರಶ್ನೆ, "ಅಮ್ಮ, ವಿ ಆರ್ ಗೋಯಿಂಗ್ ಟುಗೆದರ್, ರೈಟ್?"

"ಹ್ಞೂಂ ಕಣೆ, ಎರಡೂ ಮನೆ ಗಡಿಯೊಳಗೇ ಇದೆ. ಯೋಚನೆ ಯಾಕೆ ನಿಂಗೆ? ನಾನಿದೀನಲ್ಲ" ಎಂದಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಪತ್ರ ಬಂತು. ಶಾಲೆ ಕಿಕ್ಕಿರಿದಿದೆ, ಆದ್ದರಿಂದ ಗಡಿಯನ್ನು ಬದಲಿಸಲಾಗಿದೆ, ಹೊಸ ನಕ್ಷೆಯನ್ನು ನೋಡಿಕೊಳ್ಳಿ ಎಂದಿತ್ತು. ವಿಳಾಸ ಟೈಪ್ ಮಾಡಿದರೆ ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಬಂದು ಕೂರುತ್ತದೆ. ನಮ್ಮ ಚುಕ್ಕೆ ಗೆರೆಯ ಆಚೆ ಬಿತ್ತು. ಚುಕ್ಕೆ ಮನಸ್ಸು ಬದಲಾಯಿಸೀತೇನೋ ಎಂದು ಮತ್ತೆ ಮತ್ತೆ ಟೈಪ್ ಮಾಡಿದೆ. ಚಿಕ್ಕ ರಸ್ತೆಯ ವಿಳಾಸಗಳೆಲ್ಲ ಹೊರಗೆ ಹೋಗಿದ್ದವು. ನನ್ನ ಗಂಡ ಸುಮ್ಮನೆ ಕುತೂಹಲಕ್ಕೆ ನಮ್ಮ ಹಳೆಯ ವಿಳಾಸ ಹಾಕಿ ನೋಡಿದರು. ಚುಕ್ಕೆ ಒಳಗೆ!

"ನೋಡೇ, ನಮ್ಮ ಹಾಲ್ ಗಡಿಯೊಳಗಿದೆ, ಲಾಂಡ್ರಿ ಹೊರಗಿದೆ" ಎಂದು ಹೊಸ ಬಗ್ ಸಿಕ್ಕಿದವರ ಹಾಗೆ ಖುಷಿಪಟ್ಟರು. ಆ ದಿನ ಅವರಿಗೆ ನಾನು ಕಾಫಿ ಮಾಡಿಕೊಡಲಿಲ್ಲ.

ಪೋಷಕರ ಅಹವಾಲು ಕೇಳಲು ಒಂದು ಸಂಜೆ ಸಭೆ ಕರೆದಿದ್ದರು. ಇಸ್ತ್ರಿ ಮಾಡಿದ ಅಂಗಿಯ ಅಧಿಕಾರಿಯೊಬ್ಬರು ಗೆರೆಯನ್ನು ಎಲ್ಲಾದರೂ ಒಂದು ಕಡೆ ಎಳೆಯಲೇಬೇಕಲ್ಲವೇ ಎಂದು ಮೂರು ಬಗೆಯಲ್ಲಿ ಹೇಳಿದರು. ಒಬ್ಬ ತಾಯಿ ಅತ್ತರು. ಒಬ್ಬ ಅಪ್ಪ ನಕ್ಷೆಯನ್ನು ತಲೆಕೆಳಗು ಹಿಡಿದುಕೊಂಡೇ ಕೂಗಾಡಿದರು. ಈ ಸಲ ಹೊಸದಾಗಿ ಗಡಿಯೊಳಗೆ ಸೇರಿದ್ದ ಬೆಂಗಳೂರಿನ ಅಂಕಲ್ ಒಬ್ಬರು ನನ್ನ ಪಕ್ಕದಲ್ಲಿ ಕೂತು, "ಏನೇ ಹೇಳಿ, ತುಂಬಾ ಸೈಂಟಿಫಿಕ್ ಆಗಿ ಮಾಡಿದಾರಮ್ಮ" ಎಂದರು. ಕೈಯಲ್ಲಿದ್ದ ಬಿಸ್ಕತ್ತನ್ನು ಅವರ ಮೇಲೆ ಎಸೆಯಬೇಕೆನಿಸಿತು. ಒಳ್ಳೆಯ ಬಿಸ್ಕತ್ತಾಗಿದ್ದರಿಂದ ತಿಂದೆ.

ನನ್ನ ಸರದಿ ಬಂದಾಗ ಎದ್ದು ನಿಂತು, ನಮ್ಮದು ಎರಡು ಬಾಗಿಲಿನ ಮನೆ, ಒಂದು ಬಾಗಿಲಿನಿಂದ ನನ್ನ ಮಗಳು ಗಡಿಯೊಳಗೇ ಇದ್ದಾಳೆ ಎಂದು ಇಂಗ್ಲಿಷಿನಲ್ಲಿ ವಾದಿಸಿದೆ. ನಿಮ್ಮ ಮಗಳು ಯಾವ ಬಾಗಿಲಿನಿಂದ ಓಡಾಡುತ್ತಾಳೆ ಎಂದು ಅಧಿಕಾರಿ ಕೇಳಿದರು. ಲಾಂಡ್ರಿಯದು, ಎಂದೆ. ಯಾಕೆ, ಎಂದರು. ಅಷ್ಟು ಜನ ಆಸ್ಟ್ರೇಲಿಯದವರ ಮುಂದೆ ಯಮಧರ್ಮರಾಯನನ್ನು ಎಲ್ಲಿಂದ ಶುರುಮಾಡುವುದು? ತಡವರಿಸಿ, ಥ್ಯಾಂಕ್ಯೂ ಎಂದು ಕೂತೆ.

ಉಳಿದಿದ್ದು ಒಂದೇ ದಾರಿ, ಹಳೆಯ ವಿಳಾಸಕ್ಕೆ ವಾಪಸು ಹೋಗುವುದು. ಅದಕ್ಕೆ ಅತ್ತೆಯ ಒಪ್ಪಿಗೆ ಬೇಕು. ಹೆದರುತ್ತಲೇ ವಿಡಿಯೋ ಕಾಲ್ ಮಾಡಿದೆ. ಅತ್ತೆ ಹುರುಳಿಕಾಯಿಯ ನಾರು ಬಿಡಿಸುವುದನ್ನು ನಿಲ್ಲಿಸಿ ಯೋಚಿಸಿದರು.

"ದೋಷ ಇರೋದು ಬಾಗಿಲಿಗೆ ಕಣೆ, ಲೆಟರ್‌ಬಾಕ್ಸಿಗಲ್ಲ. ಆ ಡಬ್ಬ ಆ ಕಡೆ ನೆಟ್ಕೊಳ್ಳಿ. ನೀವು ಓಡಾಡೋದು ಮಾತ್ರ ಪೂರ್ವದಿಂದ್ಲೇ."

"ಮತ್ತೆ ಲಕ್ಷ್ಮಿ, ಅತ್ತೆ?"

"ಐದು ವರ್ಷ ಆಯ್ತಲ್ಲ, ದಾರಿ ಅಭ್ಯಾಸ ಆಗಿರತ್ತೆ ಬಿಡು."

ಮುಂಬಾಗಿಲು ನಿಜಕ್ಕೂ ಬಳಕೆಯಲ್ಲಿದೆಯೇ ಎಂದು ನೋಡಲು ಕೌನ್ಸಿಲಿನಿಂದ ಒಬ್ಬರು ಬಂದರು. ನಾವು ಅಕ್ಕಿಮೂಟೆಗಳನ್ನು ಎರಡು ಹೆಜ್ಜೆ ಒಳಗೆ ಸರಿಸಿದ್ದೆವು, ಆದರೆ ಬಾಗಿಲು ಉಬ್ಬಿಕೊಂಡು ಅಲ್ಲಾಡಲಿಲ್ಲ. ಒಳಗಿನಿಂದ ನನ್ನ ಗಂಡ ಎಳೆದರು, ಹೊರಗಿನಿಂದ ಆತ ಹೆಗಲು ಕೊಟ್ಟು ತಳ್ಳಿದರು. ಬಾಗಿಲು ಒಮ್ಮೆಲೇ ತೆರೆದುಕೊಂಡು ಆತ ದಕ್ಷಿಣ ದಿಕ್ಕಿನಿಂದ ನೇರವಾಗಿ ಸೋನಾ ಮಸೂರಿಯ ಮೇಲೆ ಬಿದ್ದರು. ಪಾಪ, ಏಟೇನೂ ಆಗಲಿಲ್ಲ. ಬಳಕೆಯಲ್ಲಿದೆ ಎಂದು ಬರೆದುಕೊಂಡು ಹೋದರು. ಈ ಸಂಗತಿಯನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ಹಳೆಯ ನಂಬರು ವಾಪಸು ಬಂತು. ಲೆಟರ್‌ಬಾಕ್ಸು ಎರಡನೆಯ ಸಲ ಸ್ಥಳಾಂತರಗೊಂಡಿತು. ಎಲ್ಲ ಬಿಲ್ಲುಗಳ ವಿಳಾಸವನ್ನೂ ನಾನು ಮತ್ತೆ ತಿದ್ದಿದೆ. ಕೊನೆಗೊಂದು ಮಧ್ಯಾಹ್ನ ಹೈಸ್ಕೂಲಿನಿಂದ ಇಮೇಲ್ ಬಂತು, ಸೀಟು ಸಿಕ್ಕಿತ್ತು. ಯುದ್ಧ ಗೆದ್ದವಳ ಹಾಗೆ ತುಪ್ಪ ಸುರಿದು ಕೇಸರಿಬಾತ್ ಮಾಡಿದೆ.

ಶಾಲೆಯಿಂದ ಇಬ್ಬರೂ ಹುಡುಗಿಯರು ಒಟ್ಟಿಗೆ ಬಂದರು. ಬ್ಯಾಗುಗಳನ್ನು ವಾಷಿಂಗ್ ಮೆಷಿನ್ ಮೇಲೆ ಎಸೆದು ಊಟದ ಮೇಜಿಗೆ ಬಂದು ಕೂತರು. ನಾನು ಕುಣಿಯುತ್ತಾ ಸುದ್ದಿ ಹೇಳಿದೆ. ಮಗಳು ನಗಲಿಲ್ಲ. ಎದುರು ಮನೆಯ ಹುಡುಗಿ ನನ್ನ ಮುಖ ನೋಡಿ ಬಹಳ ಮರ್ಯಾದೆಯಿಂದ, "ಕಂಗ್ರಾಟ್ಸ್, ಆಂಟಿ" ಎಂದಳು. ಎರಡು ಚಮಚ ಕೇಸರಿಬಾತ್ ತಿಂದು, ಅಜ್ಜಿ ಕಾಯುತ್ತಿರುತ್ತಾರೆ ಎಂದು ಹೊರಟುಹೋದಳು. ಕೇಸರಿಬಾತನ್ನು ಅರ್ಧಕ್ಕೆ ಬಿಟ್ಟವಳೇ ಅಲ್ಲ ಅವಳು.

"ಅಮ್ಮ," ಮಗಳೆಂದಳು, "ಯು ಚೆಕ್ಡ್ ಅವರ್ ಹೌಸ್ ಲೈಕ್ ಫಿಫ್ಟಿ ಟೈಮ್ಸ್. ಡಿಡ್ ಯು ಚೆಕ್ ಹರ್ಸ್?"

ನೋಡಿರಲಿಲ್ಲ. ಒಂದು ಸಲವೂ ನೋಡಿರಲಿಲ್ಲ. ಚಿಕ್ಕ ರಸ್ತೆಯೆಲ್ಲ ಹೊರಗೆ ಹೋಗಿದೆ ಎಂದು ಗೊತ್ತಿದ್ದೂ ಅದು ಹೊಳೆದಿರಲಿಲ್ಲ. ಆ ಮನೆಗೆ ಬಾಗಿಲಿದ್ದುದು ಚಿಕ್ಕ ರಸ್ತೆಗೆ ಮಾತ್ರ, ಬೇರೆ ವಿಳಾಸವೇ ಇರಲಿಲ್ಲ. ದಿನಾ ನಮ್ಮ ಹೊಸ್ತಿಲು ತುಳಿಯುವ ಹುಡುಗಿ ಗೆರೆಯ ಆಚೆ ಉಳಿಯುತ್ತಾಳೆ ಎಂಬುದು ಪತ್ರ ಬಂದ ದಿನವೇ ಮಕ್ಕಳಿಬ್ಬರಿಗೂ ಗೊತ್ತಾಗಿತ್ತು. ನಾನು ಸಭೆ, ಕೌನ್ಸಿಲು, ಬಿಲ್ಲು ಎಂದು ಓಡಾಡುತ್ತಿದ್ದಾಗ ಅವರು ನನಗೆ ಹೇಳಲು ಸಮಯ ನೋಡುತ್ತಿದ್ದರಂತೆ. ನನಗೆ ಬಹಳ ನಾಚಿಕೆಯಾಯಿತು. ಮಗಳು ಕೇಳಿದ್ದು ಶಾಲೆಯನ್ನಲ್ಲ, ಜೊತೆಯನ್ನು. ಮಾತು ಕೊಟ್ಟವಳು ನಾನು, ಮರೆತವಳೂ ನಾನೇ.

ಆ ಕನ್ನಡಿ, ಆ ಬೊಂಬೆ, ಎದುರುಬದುರು ಬಾಗಿಲುಗಳು ಇಲ್ಲದಿದ್ದರೆ ಇವರಿಬ್ಬರಿಗೆ ಗುರುತೇ ಆಗುತ್ತಿರಲಿಲ್ಲವಲ್ಲ ಎಂದು ಪಾತ್ರೆ ತೊಳೆಯುತ್ತಾ ಹೊಳೆಯಿತು. ಅತ್ತೆಯ ವಾಸ್ತುವಿಗೆ ನಾನು ಇಷ್ಟರಮಟ್ಟಿಗೆ ಸೋಲಬೇಕಾಗಿ ಬಂದದ್ದಕ್ಕೆ ಸಿಟ್ಟೂ ಬಂತು. ಕೈ ಒರೆಸಿಕೊಂಡು ಹೊರಗೆ ಬಂದು, "ರೀ, ಗುದ್ದಲಿ ಎಲ್ಲಿಟ್ಟಿದೀರಾ? ಲೆಟರ್‌ಬಾಕ್ಸನ್ನ ಮತ್ತೆ ಚಿಕ್ಕ ರಸ್ತೆ ಕಡೆ ನೆಡ್ಬೇಕು" ಎಂದು ಕೇಳಿದೆ. ನನ್ನ ಗಂಡ ಯಾವ ವಿವರಣೆಯನ್ನೂ ಕೊಡದೆ ಎದ್ದುಹೋಗಿ ಗುದ್ದಲಿ ತಂದರು. ಮದುವೆಯಾದ ಮೇಲೆ ಇದೇ ಮೊದಲು.

ಮರುದಿನ ಬೆಳಿಗ್ಗೆ ಆ ಹೈಸ್ಕೂಲಿಗೆ ಫೋನ್ ಮಾಡಿ ಸೀಟು ಬೇಡ, ಮಗಳನ್ನು ಎದುರು ಮನೆಯ ಹುಡುಗಿ ಹೋಗುವ ಶಾಲೆಗೇ ಸೇರಿಸುತ್ತೇವೆ ಎಂದೆ. ಅಲ್ಲಿನ ಹೆಂಗಸು ಗಾಬರಿಯಾದರು. ಜನ ಈ ಸೀಟಿಗಾಗಿ ಅಳುತ್ತಿದ್ದಾರೆ, ಬಿಟ್ಟುಕೊಡುತ್ತಿರುವವರು ನೀವೊಬ್ಬರೇ, ಫಾರ್ಮಿನಲ್ಲಿ ತುಂಬಬೇಕು, ಕಾರಣ ಏನೆಂದು ಬರೆಯಲಿ ಎಂದು ಕೇಳಿದರು.

ಈ ಸಲ ನಾನು ತಡವರಿಸಲಿಲ್ಲ. ನಮ್ಮ ಮನೆಯ ಬಾಗಿಲು ಎದುರು ಮನೆಯ ಕಡೆಗಿದೆ ಎಂದು ಬರೆದುಕೊಳ್ಳಿ, ಎಂದೆ.