ಪರದೆ ಬಿಡುವ ಇಮಾಮಸಾಬ ಕಾಕಾ

ಇಮಾಮಸಾಬ ಕಾಕಾನ ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ಉಜ್ಜಿ ಒಂದು ಕರೀ ಗೆರೆ ಮೂಡಿತ್ತು. ಹಗಲೆಲ್ಲ ಇಳಕಲ್ಲಿನ ಮನೆಯಲ್ಲಿ ಸೀರೆ ನೇಯುತ್ತಿದ್ದ ಆ ಕೈ, ನಮ್ಮ ಹವ್ಯಾಸಿ ತಂಡದ ನಾಟಕವಿದ್ದ ದಿನ ಪರದೆಯ ಹಗ್ಗ ಹಿಡಿಯುತ್ತಿತ್ತು. ಬಿಟ್ಟರೆ ಪರದೆ ಬೀಳುತ್ತದೆ. ಎಷ್ಟು ಬೇಗ ಬೀಳಬೇಕೆಂಬುದನ್ನು ಮಾತ್ರ ಕಾಕಾನೇ ತೀರ್ಮಾನಿಸುತ್ತಿದ್ದ.

ನಾನು ಹುನಗುಂದದ ಕಾಲೇಜಿನಲ್ಲಿ ದುರಂತ ನಾಟಕಗಳ ಪಾಠ ಮಾಡುವವ. ಯಾವ ನಾಯಕ ಯಾಕೆ ಬಿದ್ದ ಎಂದು ಹೋಲಿಸಿ ಬರೆದ ನನ್ನ ಟಿಪ್ಪಣಿ ನಲವತ್ತು ಪುಟವಿದೆ. ಪೂರ್ತಿ ಓದಿದವನು ನಾನೊಬ್ಬನೇ, ಅದೂ ತಪ್ಪು ತಿದ್ದಲಿಕ್ಕೆ. ಕಾಕಾ ಅದನ್ನೆಲ್ಲ ಅರ್ಧ ಕಪ್ ಚಹಾದೊಳಗೆ ಮುಗಿಸಿಬಿಟ್ಟಿದ್ದ.

‘ತಿಳೀಲಾರದ ತಪ್ಪ ಮಾಡಿದ ರಾಜಾ ಇರತಾನಲ್ರಿ ಸರ, ಅಂವ ಬಿದ್ದ ಕೂಡ್ಲೆ ಪರದೆ ಬಿಡಬೇಕು. ಅವನ ಮಾರಿ ಮಂದಿ ನೋಡಬಾರದು. ತಿಳದ ತಿಳದ ಮಾಡಿದವನ ಮ್ಯಾಲ ಸಾವಕಾಶ ಬಿಡಬೇಕು. ನೋಡ್ಲಿ, ಕಣ್ಣತುಂಬ.’

‘ಕೊಟ್ಟ ಮಾತಿಗಾಗಿ ಸಾಯ್ತಾರಲ್ಲ ಕಾಕಾ, ಅವರಿಗೆ?’

‘ಅವ್ರಿಗೆ ಒಂದ ಉಸಿರು ಹಿಡದು ಬಿಡತೇನಿ.’

ಈ ಕಾಯ್ದೆ ತಂಡದವರಿಗೆಲ್ಲ ಗೊತ್ತಿತ್ತು. ತಂಡದ ಯಜಮಾನ, ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟಿದ್ದ ಶಂಕ್ರಪ್ಪನಿಗೂ.

ಹದಿಮೂರು ವರ್ಷದ ಹಿಂದೆ ರಾಜನ ಪಾರ್ಟು ಒಮ್ಮೆ ಕಾಕಾನ ಪಾಲಿಗೇ ಬಂದಿತ್ತು. ಎರಡು ತಿಂಗಳು ಮಗ್ಗದ ಸದ್ದಿಗೆ ಹೊಂದಿಸಿಕೊಂಡು ಮಾತು ಬಾಯಿಪಾಠ ಮಾಡಿದ್ದ. ನಾಟಕದ ದಿನ ಬಣ್ಣ ಹಚ್ಚಿ ಕೂತವನ ತಲೆಯ ಮೇಲಿನ ಕಿರೀಟ ತೆಗೆದು ಶಂಕ್ರಪ್ಪ ತಾನೇ ಇಟ್ಟುಕೊಂಡ. ‘ದೊಡ್ಡ ಮಂದಿ ಬಂದಾರ. ನೀ ಹಗ್ಗ ಹಿಡಿ ಇಮಾಮ್ಯಾ. ನಿನಗ ಅದ ಒಪ್ಪತೈತಿ.’ ಪಕ್ಕದಲ್ಲಿದ್ದ ನಾನು ತುಟಿ ಬಿಚ್ಚಲಿಲ್ಲ. ನನ್ನ ದೂತನ ಪಾರ್ಟು ಹೋದೀತೆಂಬ ಚಿಂತೆ. ನಾಲ್ಕು ಸಾಲಿನ ಪಾರ್ಟು.

ಕಾಕಾ ಬಣ್ಣ ಒರೆಸಿಕೊಳ್ಳುತ್ತ ಅಂದ: ‘ಒಂದಿನ ಇಂವ ರಂಗದ ಮ್ಯಾಲ ಸಾಯಾಕ ಬಡದಾಡಬೇಕು. ನಾ ಬಿಡೂದಿಲ್ಲ.’

ಆದರೆ ತನ್ನ ಕಾಯ್ದೆ ತಾನು ಮುರಿಯುವ ಮನುಷ್ಯನಲ್ಲ ಅವನು. ಶಂಕ್ರಪ್ಪನೂ ಜಾಣ, ಅಂದಿನಿಂದ ತಿಳಿಯದೆ ತಪ್ಪು ಮಾಡಿದ ರಾಜರ ಪಾರ್ಟನ್ನೇ ಆರಿಸಿಕೊಂಡ. ಹನ್ನೆರಡು ವರ್ಷ ಕಾಕಾ ಹಲ್ಲು ಕಚ್ಚಿ ಅವನ ಮೇಲೆ ಪರದೆಯನ್ನು ಪಟ್ಟನೆ ಬಿಡುತ್ತ ಬಂದ.

ಹೋದ ವರ್ಷ ಅಣ್ಣನ ಗದ್ದುಗೆ ಕಸಿದ ದೊರೆಯ ನಾಟಕ ಎತ್ತಿಕೊಂಡೆವು. ನಾನು ಶಂಕ್ರಪ್ಪನಿಗೆ ಹೇಳಿದೆ: ‘ಈ ಪಾರ್ಟು ನಿಮಗ ಒಪ್ಪತೈತ್ರಿ.’ ಹೊಗಳಿಕೆ ಎಂದುಕೊಂಡ. ಕಾಯ್ದೆಯನ್ನೂ ಮರೆತ.

ಬಾದಾಮಿಯಲ್ಲಿ ಸಂಜೆ ಆಟ. ಶಂಕ್ರಪ್ಪ ಚೆನ್ನಾಗಿಯೇ ಸತ್ತ, ಹೆಂಗಸರು ಕಣ್ಣೊರೆಸಿಕೊಂಡರು. ಪರದೆ ಬೀಳಲಿಲ್ಲ. ರಾಜನ ಹೊಟ್ಟೆ ಏರಿಳಿಯತೊಡಗಿತು. ಮೀಸೆಯ ಮೇಲೆ ನೊಣ ಕೂತಿತು. ‘ದೊರಿಗೆ ಇನ್ನೂ ಜೀವ ಐತ್ರೆಪೋ,’ ಎಂದು ಮುಂದಿನ ಸಾಲಿನಿಂದ ಯಾರೋ ಅಂದರು. ನಗು ಹಿಂದಿನವರೆಗೂ ಹೋಯಿತು.

‘ಬಿಡಲೇ ಇಮಾಮ್ಯಾ,’ ಹೆಣ ಪಿಸುಗುಟ್ಟಿತು. ಕಾಕಾ ಒಂದು ಗೇಣು ಬಿಟ್ಟ.

‘ಬಿಡೋ ಮಾರಾಯಾ.’ ಇನ್ನೊಂದು ಗೇಣು.

‘ಬಿಡ್ರಿ ಇಮಾಮಸಾಬ್ರ, ಕೈ ಮುಗೀತೇನಿ.’

ಕಾಕಾ ಪರದೆಯ ಮರೆಯಲ್ಲಿ ಪಕ್ಕಕ್ಕೇ ನಿಂತಿದ್ದ ನನ್ನ ಕಡೆ ತಿರುಗಿದ. ‘ಏನ್ರಿ ಸರ, ನಿಮ್ಮ ಟಿಪ್ಪಣ್ಯಾಗ ಏನೈತಿ?’

ಶಂಕ್ರಪ್ಪನಿಗೆ ಬಿಪಿ ಇದೆಯೆಂಬುದು ನನಗೆ ಗೊತ್ತಿತ್ತು. ಕಿರೀಟವೂ ನೆನಪಿತ್ತು. ‘ಸಾವಕಾಶ,’ ಅಂದೆ.

ಕಡೆಗೆ ರಾಜನೇ ಎದ್ದು, ಕಿರೀಟ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ನಡೆದ. ಜನ ಸೀಟಿ ಹೊಡೆದರು. ಶಂಕ್ರಪ್ಪ ಮತ್ತೆ ಬಣ್ಣ ಹಚ್ಚಲಿಲ್ಲ. ಕಾಕಾನಿಗೆ ಉತ್ತರ ಕೊಡದೆ ಬಿಡುವುದಿಲ್ಲ ಎಂದು ಅಂಗಡಿಯಲ್ಲಿ ಕೂತು ಹೇಳುತ್ತಿದ್ದನಂತೆ.

ಈ ವರ್ಷ ಒಂದು ಬೆಳಿಗ್ಗೆ ಕಾಕಾ ಮಗ್ಗದ ಮೇಲೇ ಹೋದ. ಲಾಳಿ ಆ ದಡದಿಂದ ಈ ದಡಕ್ಕೆ ಬರುವಷ್ಟರಲ್ಲಿ, ಎಂದಳು ಅವನ ಹೆಂಡತಿ. ಮಣ್ಣಿಗೆ ಶಂಕ್ರಪ್ಪನೂ ಬಂದಿದ್ದ. ಮೂರು ಹಿಡಿ ಹಾಕಿ, ಕೈ ಝಾಡಿಸಿಕೊಳ್ಳುತ್ತ ನನ್ನ ಪಕ್ಕ ಬಂದು ನಿಂತ.

‘ಎಷ್ಟ ಲಗೂನ ಬಿತ್ತ ನೋಡ್ರಿ ಸರ, ಪರದೆ,’ ಅಂದ. ದನಿಯಲ್ಲಿ ಅಳುವಿರಲಿಲ್ಲ, ಮೋಸಹೋದವನ ಸಿಟ್ಟಿತ್ತು. ‘ತಿಳದ ತಿಳದ ಮಾಡಿದ್ದ ಅಂವ. ಸಾವಕಾಶ ಬೀಳಬೇಕಿತ್ತು.’

ನಾನು ಗೋಣು ಹಾಕಿದೆ. ಹುನಗುಂದದ ಬಸ್ಸಿನಲ್ಲಿ ಕೂತ ಮೇಲೆ ನನ್ನ ಪರದೆಯ ಚಿಂತೆ ಶುರುವಾಯಿತು. ಸಾವಕಾಶ ಎಂದವನು ನಾನು, ಅದೂ ತಿಳಿದೇ.